ಕೇಪಳದ ಬೇಲಿಗೆ ಕೊಳೆರೋಗ: ಮಳೆಗಾಲದ ಕೆಲಸದ ದಾಖಲೆ

ಜಾಗ ಮಡಿಕೇರಿ ಹತ್ತಿರ, ಕಾಫಿ ತೋಟದ ಅಂಚು. ಸಿಲ್ವರ್ ಓಕ್ ನೆರಳಲ್ಲಿ 40 ಅಡಿ ಕೇಪಳದ (ಇಕ್ಸೋರಾ) ಬೇಲಿ.

ಮೇ 24. ಬೇಲಿಯ ಮೇಲ್ಭಾಗವನ್ನೇ ಮಟ್ಟಸವಾಗಿ ಕತ್ತರಿಸುತ್ತಾ ಬಂದರೆ ಹೊರಗೆ ಎಲೆ ಒತ್ತಾಗಿ, ಒಳಗೆ ಗಾಳಿ ಆಡುವುದಿಲ್ಲ. ಕಾಫಿ ಗಿಡದಂತೆ ಇದರ ನಡುವಿನ ರೆಂಬೆಗಳನ್ನೂ ತೆಗೆದು ಗಾಳಿಗೆ ಬಿಡಿಸಿದ್ದಾಯಿತು. ನೆಲದಿಂದ ಒಂದಡಿವರೆಗಿನ ರೆಂಬೆಗಳನ್ನೂ ತೆಗೆದದ್ದಾಯಿತು. ಒಣ ಕಡ್ಡಿಗಳ ಅಡಿಮೈಯಲ್ಲಿ ಕಂದು ಎಳೆಗಳಿದ್ದವು. ಶಿಲೀಂಧ್ರ ಬೇಸಿಗೆ ಕಳೆಯುವುದು ಹೀಗೆ. ಎಲ್ಲವನ್ನೂ ಸುಡಲಾಯಿತು.

ಮೇ 27. ಶೇ. 1 ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ ದ್ರಾವಣ), 10 ಲೀಟರ್. 100 ಗ್ರಾಂ ಮೈಲುತುತ್ತ 5 ಲೀಟರ್ ನೀರಿಗೆ, 100 ಗ್ರಾಂ ಸುಟ್ಟ ಸುಣ್ಣ ಇನ್ನೊಂದು 5 ಲೀಟರ್‌ಗೆ, ಎರಡೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ. ಸುಣ್ಣದ ನೀರನ್ನು ಸೋಸಿ, ಕಲಕುತ್ತಾ ಅದಕ್ಕೆ ತುತ್ತದ ನೀರು ಸುರಿಯಬೇಕು. ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಕೆಂಪಗೆ ತಾಮ್ರ ಹತ್ತಿತು: ಸುಣ್ಣ ಹಳೆಯದು, ಗಾಳಿಗೆ ಸತ್ವ ಹೋಗಿತ್ತು. ಹಾಗೇ ಹೊಡೆದಿದ್ದರೆ ಚಿಗುರು ಸುಡುತ್ತಿತ್ತು. ಚಾಕುವಿಗೆ ಏನೂ ಹತ್ತದವರೆಗೆ ಸುಣ್ಣದ ನೀರು ಸೇರಿಸಿ, ಅಂದೇ ಸಿಂಪಡಣೆ ಮುಗಿಸಲಾಯಿತು. ನಾಜಲ್ ಕೆಳಗಿನಿಂದ ಮೇಲಕ್ಕೆ ಹಿಡಿಯಬೇಕು. ರೋಗ ಕೂರುವುದು ಎಲೆಯ ಅಡಿಯಲ್ಲಿ.

ಜುಲೈ 14. ತಗ್ಗಿನ ಮೂಲೆಯ ಎರಡು ಗಿಡಗಳಲ್ಲಿ ಎಲೆ ಕಪ್ಪಾಗಿ, ತೊಟ್ಟು ಕಳಚಿದ್ದರೂ ಬೀಳದೆ ಎಳೆಯಲ್ಲಿ ನೇತಾಡುತ್ತಿದೆ. ಇದೇ ಗುರುತು. ಅಡಿಕೆಯ ಕೊಳೆರೋಗವೇ ಬೇರೆ: ಅದು ಫೈಟೋಫ್ಥೊರಾ ಎಂಬ ಬೇರೆ ರೋಗಾಣುವಿನದು, ಅದಕ್ಕೆ ಹೊಡೆಯುವ ಮೆಟಲಾಕ್ಸಿಲ್ ಔಷಧ ಇದಕ್ಕೆ ನಾಟುವುದಿಲ್ಲ. ಇದು ಕಾಫಿಗೆ ಬರುವ ಕೊಳೆರೋಗ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಕುಕ್ ಇದರ ಶಿಲೀಂಧ್ರಕ್ಕೆ ಪೆಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟರು; ನಮ್ಮ ರೈತರ ಮಾತೇ ಲ್ಯಾಟಿನ್ ಹೆಸರಿಗೆ ಹೋಗಿ ಕೂತಿದೆ.

ನೇತಾಡುವ ಎಲೆಯನ್ನು ಕೊಡವಬಾರದು. ಅದು ಕೆಳಗಿನ ಎಲೆಗೆ ಅಂಟಿದರೆ ಅಲ್ಲಿಂದ ಹೊಸ ಎಳೆ ಹಬ್ಬುತ್ತದೆ. ರೆಂಬೆಯನ್ನು ಮೊದಲು ಚೀಲದೊಳಗೆ ತೂರಿಸಿ, ಕಪ್ಪು ಭಾಗಕ್ಕಿಂತ ನಾಲ್ಕು ಇಂಚು ಕೆಳಗೆ ಕತ್ತರಿಸಿದ್ದು. ಬೇಲಿಯ ಮೇಲೆ ಬಿದ್ದು ಸಿಕ್ಕಿಕೊಂಡಿದ್ದ ಸಿಲ್ವರ್ ಓಕ್ ತರಗನ್ನೂ ಕೈಯಿಂದಲೇ ಹೆಕ್ಕಿದ್ದಾಯಿತು. ಆ ಒದ್ದೆ ತರಗಿನಡಿ ರೋಗ ಬೇಗ ಬೆಳೆಯುತ್ತದೆ.

ಜುಲೈ 29, ಕಕ್ಕಡ (ಕೊಡಗಿನ ಜೋರು ಮಳೆಯ ತಿಂಗಳು). ಎರಡು ದಿನ ಮಳೆ ಹೊಳವಾಯಿತು, ಎಲೆ ಒಣಗಿದ ಮೇಲೆ ಎರಡನೇ ಬೋರ್ಡೋ. ಮಳೆಯಲ್ಲಿ ಹೊಡೆದದ್ದು ನೆಲಕ್ಕೆ ಹೋಗುತ್ತದೆ, ಅಷ್ಟೆ.

ಸೆಪ್ಟೆಂಬರ್ 5. ನಡು ಬಿಡಿಸಿದ ಉದ್ದಕ್ಕೂ ಹೊಸ ಕಪ್ಪು ಇಲ್ಲ. ತಗ್ಗಿನ ಮೂಲೆಯಲ್ಲಿ ಮಾತ್ರ ಇನ್ನೊಂದು ರೆಂಬೆ ಹೋಗಿದೆ. ಔಷಧ ಎಲ್ಲ ಗಿಡಕ್ಕೂ ಒಂದೇ. ವ್ಯತ್ಯಾಸ ಜಾಗದ್ದು: ಅಲ್ಲಿ ಮಂಜು ಬೆಳಿಗ್ಗೆ ಹತ್ತು ಗಂಟೆಯಾದರೂ ಏಳುವುದಿಲ್ಲ. ಮಳೆ ನಿಂತ ಮೇಲೆ ಆ ಮೂಲೆಯ ಸಿಲ್ವರ್ ಓಕ್‌ನ ಕೆಳಗಿನ ಕೊಂಬೆಗಳನ್ನು ಕಡಿಸಿ, ಎರಡು ಗಿಡಗಳಲ್ಲಿ ಒಂದನ್ನು ಕಿತ್ತು ಜಾಗ ಖಾಲಿ ಬಿಡುವುದು.