ಯಾದೃಚ್ಛಿಕ ಡಿಥರಿಂಗ್‌ನಲ್ಲಿ ಚಿತ್ರ ಮರಳುಮರಳಾಗುವುದೇಕೆ?

ಕಪ್ಪು ಶಾಯಿಯೊಂದೇ ಇರುವ ಪ್ರಿಂಟರ್ ಬೂದು ಬಣ್ಣವನ್ನು ಅಚ್ಚು ಮಾಡಲಾರದು. ಕಾಗದದ ಮೇಲೆ ಚುಕ್ಕೆ ಬೀಳುತ್ತದೆ, ಇಲ್ಲವೇ ಬೀಳುವುದಿಲ್ಲ. 256 ಛಾಯೆಗಳ ಚಿತ್ರವನ್ನು ಈ ಎರಡರಲ್ಲೇ ಮೂಡಿಸುವ ಸರಳ ಉಪಾಯವೆಂದರೆ ಯಾದೃಚ್ಛಿಕ ಡಿಥರಿಂಗ್. ಪ್ರತಿ ಪಿಕ್ಸೆಲ್‌ಗೂ 0 ಮತ್ತು 255ರ ನಡುವಿನ ಯಾವುದೋ ಒಂದು ಸಂಖ್ಯೆಯನ್ನು ಆರಿಸಿ, ಪಿಕ್ಸೆಲ್‌ನ ಮೌಲ್ಯ ಅದಕ್ಕಿಂತ ಹೆಚ್ಚಿದ್ದರೆ ಬಿಳಿ, ಇಲ್ಲವಾದರೆ ಕಪ್ಪು ಎಂದು ತೀರ್ಮಾನಿಸಲಾಗುತ್ತದೆ. ಚಿತ್ರಕ್ಕೆ ಹೀಗೆ ನಾಯ್ಸ್ (ಗೊತ್ತುಗುರಿಯಿಲ್ಲದ ಏರಿಳಿತ) ಬೆರೆಸುವ ಕ್ರಮವನ್ನು ಲಾರೆನ್ಸ್ ರಾಬರ್ಟ್ಸ್ 1962ರಲ್ಲೇ, ಚಿತ್ರಗಳನ್ನು ಕಡಿಮೆ ಬಿಟ್‌ಗಳಲ್ಲಿ ರವಾನಿಸುವ ಉದ್ದೇಶದಿಂದ ವಿವರಿಸಿದ್ದರು.

ಸರಾಸರಿಯ ಲೆಕ್ಕದಲ್ಲಿ ಈ ವಿಧಾನ ನಿರ್ದುಷ್ಟವಾದದ್ದು. ಆದರೆ ಕಣ್ಣು ಇಡೀ ಹಾಳೆಯ ಸರಾಸರಿಯನ್ನು ನೋಡುವುದಿಲ್ಲ, ಸಣ್ಣ ಸಣ್ಣ ಜಾಗಗಳ ಸರಾಸರಿಯನ್ನು ನೋಡುತ್ತದೆ. ಅರ್ಧ ಬೂದಿನ ಸಮತಟ್ಟಾದ ಭಾಗದಲ್ಲಿ 8×8ರ ಒಂದು ಚೌಕವನ್ನು ತೆಗೆದುಕೊಂಡರೆ, 64 ಪಿಕ್ಸೆಲ್‌ಗಳಲ್ಲಿ 32 ಕಪ್ಪಾಗಬೇಕು. ಆದರೆ ಇಲ್ಲಿನ ಪ್ರಮಾಣಿತ ವಿಚಲನೆ (ಸರಾಸರಿಯಿಂದ ಸಾಮಾನ್ಯವಾಗಿ ಆಗುವ ಏರಿಳಿತದ ಅಳತೆ) 4 ಆಗಿರುವುದರಿಂದ ಒಂದು ಚೌಕದಲ್ಲಿ 28, ಪಕ್ಕದ್ದರಲ್ಲಿ 36 ಚುಕ್ಕೆಗಳು ಬೀಳುವುದು ತೀರ ಸಾಮಾನ್ಯ. ನುಣುಪಾಗಿರಬೇಕಾದ ಕೆನ್ನೆಯ ಮೇಲೆ ಮರಳು ಎರಚಿದಂತೆ ಕಾಣುವುದಕ್ಕೆ ಈ ಏರಿಳಿತವೇ ಕಾರಣ. ಯಾದೃಚ್ಛಿಕ ಸಂಖ್ಯೆಗಳ ಬದಲು ಮೊದಲೇ ಗೊತ್ತುಪಡಿಸಿದ ಸಂಖ್ಯೆಗಳ ಚೌಕವೊಂದನ್ನು ಚಿತ್ರದುದ್ದಕ್ಕೂ ಮತ್ತೆ ಮತ್ತೆ ಬಳಸುವ 1973ರ ಬೇಯರ್ ಮಾತೃಕೆಯಲ್ಲಾದರೆ ಅಂಥ ಪ್ರತಿ ಚೌಕದಲ್ಲೂ ಸರಿಯಾಗಿ 32 ಚುಕ್ಕೆಗಳೇ ಇರುತ್ತವೆ, ಆದರೆ ನೇಯ್ಗೆಯಂಥ ವಿನ್ಯಾಸವೊಂದು ಎದ್ದು ಕಾಣುತ್ತದೆ.

ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಬೇರೆಯೇ ಇದೆ. ಒಂದೇ ಬೂದು ಮಟ್ಟವನ್ನು ಕಪ್ಪು-ಬಿಳುಪಿನಲ್ಲಿ ಯಾವ ವಿಧಾನದಿಂದ ಮೂಡಿಸಿದರೂ, ಸರಾಸರಿ ಕಾಯ್ದುಕೊಳ್ಳುವವರೆಗೆ, ನಾಯ್ಸ್‌ನ, ಅಂದರೆ ಮೂಲ ಛಾಯೆಗೂ ಚುಕ್ಕೆಗಳಿಗೂ ಇರುವ ವ್ಯತ್ಯಾಸದ, ಒಟ್ಟು ಪ್ರಮಾಣ ಬದಲಾಗುವುದೇ ಇಲ್ಲ. ಬದಲಾಗುವುದು ಅದು ಯಾವ ಆವರ್ತನಗಳಲ್ಲಿ (ದೊಡ್ಡ ಜಾಗಗಳ ನಿಧಾನ ಏರಿಳಿತವಾದರೆ ಕೆಳ ಆವರ್ತನ, ಪಕ್ಕಪಕ್ಕದ ಪಿಕ್ಸೆಲ್‌ಗಳ ಚುರುಕು ಏರಿಳಿತವಾದರೆ ಮೇಲಿನ ಆವರ್ತನ) ಹಂಚಿಕೆಯಾಗಿದೆ ಎಂಬುದು ಮಾತ್ರ. ಯಾದೃಚ್ಛಿಕ ಡಿಥರಿಂಗ್ ಎಲ್ಲ ಆವರ್ತನಗಳಿಗೂ ಅದನ್ನು ಸಮನಾಗಿ ಹಂಚುತ್ತದೆ, ಹಾಗಾಗಿ ಕಣ್ಣಿಗೆ ಸುಲಭವಾಗಿ ಗೋಚರಿಸುವ ಕೆಳ ಆವರ್ತನಗಳಿಗೂ ಪಾಲು ಸಿಗುತ್ತದೆ. ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ ಅವರ ದೋಷ ಪ್ರಸರಣ ವಿಧಾನವು ಪ್ರತಿ ಪಿಕ್ಸೆಲ್‌ನ ದೋಷವನ್ನು 7/16, 3/16, 5/16, 1/16ರಂತೆ ಮುಂದಿನ ನೆರೆಯವುಗಳಿಗೆ ದಾಟಿಸಿ, ನಾಯ್ಸ್‌ನ ಬಹುಪಾಲನ್ನು ಮೇಲಿನ ಆವರ್ತನಗಳಿಗೆ ತಳ್ಳುತ್ತದೆ. ರಾಬರ್ಟ್ ಉಲಿಚ್ನಿ 1980ರ ದಶಕದಲ್ಲಿ ಬ್ಲೂ ನಾಯ್ಸ್ ಎಂದು ಕರೆದದ್ದು ಈ ಬಗೆಯ ಹಂಚಿಕೆಯನ್ನೇ.

ಆದ್ದರಿಂದ ಹಾಫ್‌ಟೋನ್ ಚಿತ್ರದ, ಅಂದರೆ ಹೀಗೆ ಚುಕ್ಕೆಗಳಿಂದ ಮೂಡಿಸಿದ ಚಿತ್ರದ, ಗುಣಮಟ್ಟವನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಹೋಲಿಸಿ ಅಳೆಯುವುದನ್ನು ನಾನು ಒಪ್ಪುವುದಿಲ್ಲ. ಆ ಅಳತೆಯಲ್ಲಿ ಗೆಲ್ಲುವುದು, ಮೌಲ್ಯ 128ಕ್ಕಿಂತ ಹೆಚ್ಚಿದ್ದರೆ ಬಿಳಿ, ಇಲ್ಲವಾದರೆ ಕಪ್ಪು ಎಂದು ಕತ್ತರಿಸಿ ಎಲ್ಲ ಛಾಯೆಗಳನ್ನೂ ಅಳಿಸಿಹಾಕುವ ಸಾದಾ ವಿಧಾನ. ಮೂಲಚಿತ್ರ ಮತ್ತು ಹಾಫ್‌ಟೋನ್ ಎರಡನ್ನೂ ಮೊದಲು ಕಣ್ಣಿನ ಸ್ಪಂದನೆಯನ್ನು ಅನುಕರಿಸುವ ಫಿಲ್ಟರ್ ಮೂಲಕ ಹಾಯಿಸಿ, ನೋಡುವ ದೂರವನ್ನೂ ಅಚ್ಚಿನ ಡಿಪಿಐಯನ್ನೂ (ಒಂದು ಇಂಚಿನಲ್ಲಿ ಬೀಳುವ ಚುಕ್ಕೆಗಳ ಸಂಖ್ಯೆ) ಲೆಕ್ಕಕ್ಕೆ ಹಿಡಿದು, ಅನಂತರವೇ ಹೋಲಿಸಬೇಕು.