ಕೇಳಿದ್ದು ಹೊಲ, ಕೊಟ್ಟಿದ್ದು ಬಡ್ಡಿ

20 ಜೂನ್ 2025, ಶುಕ್ರವಾರ

ದೊಡ್ಡಪ್ಪನ ಹೊಲದ ದಾವೆಗೆ ತೀರ್ಪು ಬಂತು. ಕ್ರಯಪತ್ರ ಮಾಡಿಸಿಕೊಡಬೇಕೆಂಬ ಕೋರಿಕೆ ವಜಾ. ಸಂಚಕಾರವೆಂದು ಕೊಟ್ಟಿದ್ದ ಮೂರು ಲಕ್ಷವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ವಕೀಲರು "ಅರ್ಧ ಗೆದ್ದ ಹಾಗೆ" ಎಂದರು. ದೊಡ್ಡಪ್ಪ ವಕೀಲರಿಗೆ ಕೈಮುಗಿದು ಹೊರಗೆ ಬಂದವರು, ಬಸ್ಸು ಹೊರಡುವವರೆಗೂ ಮಾತಾಡಲಿಲ್ಲ. ಆಮೇಲೆ ಕೇಳಿದರು: "ದುಡ್ಡು ವಾಪಸ್ ಕೊಡಿಸಿ ಎಂದು ನಾನು ಯಾವತ್ತು ಕೇಳಿದೆ?"

ದಾವೆಯಲ್ಲಿ ಹಾಗೊಂದು ಪರ್ಯಾಯ ಕೋರಿಕೆ ಇತ್ತು, ದೊಡ್ಡಪ್ಪ, ಎಂದೆ. ಕರಾರಿನಂತೆ ನಡೆಸಿಕೊಡಿಸಿ ಎಂದು ಕೋರ್ಟಿಗೆ ಹೋಗುವುದು ನಿರ್ದಿಷ್ಟ ಪರಿಹಾರ ಕಾಯ್ದೆಯಡಿ; ಅದರ 22ನೇ ಕಲಂ ಇರುವುದೇ ಹಾಗೆ. ಮುಂಗಡ ವಾಪಸ್ ಬೇಕೆಂದು ಬರೆದು ಕೇಳದಿದ್ದರೆ ಅದೂ ಸಿಗುವುದಿಲ್ಲ. ಅದಕ್ಕೇ ವಕೀಲರು ಕೊನೆಯಲ್ಲಿ ಆ ಸಾಲು ಸೇರಿಸುತ್ತಾರೆ.

"ಅಂದರೆ ನಾನು ಸೋಲುತ್ತೇನೆ ಎಂದು ಮೊದಲ ದಿನವೇ ಬರೆದು, ನನ್ನ ಕೈಯಲ್ಲೇ ರುಜು ಹಾಕಿಸಿದ್ದರು."

ನನಗೆ ಉತ್ತರ ಹೊಳೆಯಲಿಲ್ಲ.

2014ರಲ್ಲಿ ಎದುರು ಮನೆಯವರ ಜೊತೆ ಕರಾರಾದಾಗ ಎರಡು ಎಕರೆಗೆ ಎಂಟು ಲಕ್ಷ. ಹನ್ನೊಂದು ತಿಂಗಳ ವಾಯಿದೆ. ಅವತ್ತಿನಿಂದಲೇ ಮನೆಯಲ್ಲಿ ಎಲ್ಲರೂ ಅದನ್ನು "ಕಾಲುವೆ ಹೊಲ" ಎಂದು ನಮ್ಮದೇ ಎಂಬಂತೆ ಕರೆಯತೊಡಗಿದೆವು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಬೇರೆಯೇ ಹೇಳುತ್ತದೆ: ಕ್ರಯದ ಕರಾರು ತಾನಾಗಿ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಕ್ರಯಪತ್ರ ನೋಂದಣಿಯಾಗುವವರೆಗೆ ಕೈಯಲ್ಲಿರುವುದು ಒಂದು ಮಾತು ಮಾತ್ರ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಇಂಥ ಮಾತುಗಳು ಟ್ರಂಕಿನ ತಳದಲ್ಲಿ ಛಾಪಾ ಕಾಗದದ ಮೇಲೆ ಕೂತಿವೆಯೋ!

ವಾಯಿದೆ ಮುಗಿದಾಗ ಪೋಡಿ, ಅಂದರೆ ಹೊಲವನ್ನು ಅಳೆದು ಬೇರೆ ಮಾಡುವುದು, ಆಗಿರಲಿಲ್ಲ. "ಆಗಲಿ, ಅವಸರವೇನು" ಎಂದು ಅವರು ಹೇಳಿದರು, ಇವರೂ ಹೇಳಿದರು. ಅಷ್ಟರಲ್ಲಿ ರಸ್ತೆ ಅಗಲವಾಗುವ ಸುದ್ದಿ ಬಂತು. 2017ರ ಕೊನೆಗೆ, ಮೂರು ವರ್ಷದ ಕಾಲಮಿತಿಯೊಳಗೇ, ದಾವೆ ಹಾಕಿದ್ದಾಯಿತು. ಕಾಲಮಿತಿಯ ತಕರಾರು ನಿಲ್ಲಲಿಲ್ಲ. ಏಟು ಬಿದ್ದದ್ದು ನಿರ್ದಿಷ್ಟ ಪರಿಹಾರ ಕಾಯ್ದೆಯ 16ನೇ ಕಲಂನಿಂದ: ಕೊಳ್ಳುವವನು ಉದ್ದಕ್ಕೂ ಸಿದ್ಧನಿದ್ದೆ, ಮನಸ್ಸೂ ಇತ್ತು ಎಂದು ರುಜುವಾತು ಮಾಡಬೇಕು. ನೋಟನ್ನು ಎಣಿಸಿ ಮುಂದಿಡಬೇಕಿಲ್ಲ, ಆದರೆ ಬಾಕಿ ಹೊಂದಿಸುವ ಶಕ್ತಿ ಇತ್ತು ಎಂದು ತೋರಿಸಲೇಬೇಕು.

ಪಾಟೀಸವಾಲಿನ ದಿನ ನಾನೂ ಅಲ್ಲಿದ್ದೆ. ಎದುರು ವಕೀಲರು "ನೋಟಿಸ್ ಯಾಕೆ ಕೊಡಲಿಲ್ಲ?" ಎಂದು ಕೇಳಿದರು. ದೊಡ್ಡಪ್ಪ ನಿಜವಾದ ಆಶ್ಚರ್ಯದಿಂದ, "ಎದುರು ಮನೆಯವರಿಗೆ ನೋಟಿಸ್ ಕೊಡುವುದುಂಟೇ?" ಎಂದರು. ತೀರ್ಪಿನಲ್ಲಿ ಈ ಉತ್ತರ ಹೀಗೆ ದಾಖಲಾಗಿದೆ: ವಾದಿಯು ಎರಡು ವರ್ಷಕ್ಕೂ ಮೇಲ್ಪಟ್ಟು ಯಾವ ಲಿಖಿತ ಬೇಡಿಕೆಯನ್ನೂ ಇಟ್ಟಿಲ್ಲವೆಂದು ಒಪ್ಪಿಕೊಂಡಿದ್ದಾನೆ. ಅದರ ಕೆಳಗೆ ಸುಪ್ರೀಂ ಕೋರ್ಟಿನ 1997ರ ವಿದ್ಯಾನಾದಂ ತೀರ್ಪು. ಮದುರೆಯ ಒಂದು ಸ್ವತ್ತು, ಆರು ತಿಂಗಳ ವಾಯಿದೆ, ಕೊಳ್ಳುವವನು ಎರಡೂವರೆ ವರ್ಷ ಸುಮ್ಮನಿದ್ದ, ಅಷ್ಟರಲ್ಲಿ ಬೆಲೆ ಏರಿತ್ತು, ಕೋರ್ಟು ಒಪ್ಪಲಿಲ್ಲ. ಆ ತೀರ್ಪಿನ ತರ್ಕ ನನಗೂ ಅರ್ಥವಾಗುತ್ತದೆ. ಮಾರುವವನನ್ನು ಹಳೆಯ ಬೆಲೆಗೆ ಕಟ್ಟಿಹಾಕಿ, ಏರಿದರೆ ಕೊಳ್ಳೋಣ, ಇಳಿದರೆ ಬಿಡೋಣ ಎಂದು ಕಾದು ಕೂರುವವರಿದ್ದಾರೆ. ದೊಡ್ಡಪ್ಪ ಅಂಥವರಲ್ಲ. ಅವರು ಸುಮ್ಮನಿದ್ದದ್ದು ದಾಕ್ಷಿಣ್ಯಕ್ಕೆ. ದಾಕ್ಷಿಣ್ಯವನ್ನು ದಾಖಲೆಯೆಂದು ಯಾವ ನಿಶಾನೆ ಹಾಕಿ ಕೋರ್ಟಿನ ಮುಂದೆ ಇಡುವುದು? ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ.

ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರ ತಿದ್ದುಪಡಿ ಬಂದು, ಕೊಡಿಸುವುದೂ ಬಿಡುವುದೂ ನ್ಯಾಯಾಧೀಶರ ವಿವೇಚನೆ ಎಂಬ ಹಳೆಯ 20ನೇ ಕಲಂ ಹೋಯಿತು. ನಮ್ಮ ಕರಾರು, ದಾವೆ ಎರಡೂ ಅದಕ್ಕಿಂತ ಹಿಂದಿನವು. ಸಿದ್ಧತೆಯ ರುಜುವಾತಂತೂ ಈಗಲೂ ಬೇಕು.

ಮಳೆ ಹಿಡಿದಿತ್ತು. ಮನೆಯಲ್ಲಿ ದೊಡ್ಡಮ್ಮ ಏನೂ ಕೇಳದೆ ಮುದ್ದೆ ಬಡಿಸಿದರು. ಎದುರು ಮನೆಯಲ್ಲಿ ದೀಪವಿತ್ತು. ಅವರ ಮೊಮ್ಮಗಳು ಎಂದಿನಂತೆ ನಮ್ಮ ಜಗುಲಿಗೆ ಬಂದು ಮಗ್ಗಿ ಒಪ್ಪಿಸಿ ಹೋದಳು. ದೊಡ್ಡಪ್ಪ ಹದಿಮೂರರ ಮಗ್ಗಿಯಲ್ಲಿ ಒಂದು ತಪ್ಪು ತಿದ್ದಿದರು.

ಊಟವಾದ ಮೇಲೆ ಅವರೇ ಹೇಳಿದರು, ತೀರಾ ಸಹಜವಾಗಿ: "ಬಾಕಿ ಐದು ಲಕ್ಷ ಸೊಸೈಟಿಯಲ್ಲಿ ಠೇವಣಿ ಇತ್ತಲ್ಲ. ಆ ವರ್ಷ ತಿಪಟೂರಿನಲ್ಲಿ ಕೊಬ್ಬರಿಗೆ ಒಳ್ಳೆಯ ಧಾರಣೆ ಬಂದಿತ್ತು."

ಕೋರ್ಟಿಗೆ ಕೊಟ್ಟಿರಾ?

"ಯಾರೂ ಕೇಳಲಿಲ್ಲ."

ಕಡತವನ್ನು ಮತ್ತೆ ಮೊದಲಿನಿಂದ ತಿರುವಿ ಹಾಕಿದೆ. ಕರಾರು, ಪಹಣಿ, ಋಣಭಾರ ಪತ್ರ ಇವೆ. ಠೇವಣಿ ರಸೀದಿ ಇಲ್ಲ. ಮೇಲ್ಮನವಿಯಲ್ಲಿ ಹೊಸ ದಾಖಲೆ ತರಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 27ನೇ ನಿಯಮ ಇದೆ, ಬಾಗಿಲು ಬಹಳ ಕಿರಿದು. ಎಚ್ಚರಿಕೆ ವಹಿಸಿದರೂ ಆಗ ಸಿಗಲಿಲ್ಲ ಎನ್ನಬೇಕು. ಯಾರೂ ಕೇಳಲಿಲ್ಲ ಎಂಬುದು ಅದಕ್ಕೆ ಸಾಕಾಗುತ್ತದೆಯೇ? ಮೊದಲು ಸೊಸೈಟಿಯ ಆ ವರ್ಷದ ಲೆಡ್ಜರ್ ಉಳಿದಿದೆಯೋ ಇಲ್ಲವೋ ನೋಡಬೇಕು. ನಾಳೆ ಮೂರನೇ ಶನಿವಾರ, ತೆರೆದಿರುತ್ತದೆ. ಕಾರ್ಯದರ್ಶಿ ಎದುರು ಮನೆಯವರ ಅಳಿಯ, ಆದರೂ