ಅಕ್ಕನ ರಕ್ತದಲ್ಲಿ ಇಲ್ಲದ ಐಜಿಎ

ರಾಯಚೂರಿನಲ್ಲಿ ವರ್ಷವಿಡೀ ಕೆಮ್ಮುವವರಿಗೆ ಕಾರಣ ಹುಡುಕಿಕೊಡುವುದು ಯಾರಿಗೂ ಕಷ್ಟವಲ್ಲ. ಹತ್ತಿ ಮಿಲ್ಲಿನ ಧೂಳು, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ, ಬೇಸಿಗೆಯಲ್ಲಿ ಕುಡಿದ ಫ್ರಿಜ್ ನೀರು, ಇವುಗಳಲ್ಲಿ ಒಂದು ಸಾಕು. ಚಿಕ್ಕಂದಿನಿಂದ ಕಿವಿ ಸೋರುವುದು, ಸೈನಸ್, ನ್ಯುಮೋನಿಯಾ ಎಂದು ನರಳುತ್ತಿದ್ದ ನಮ್ಮ ಅಕ್ಕನಿಗೂ ಊರವರು ಇದನ್ನೇ ಹೇಳುತ್ತಿದ್ದರು. ಆ್ಯಂಟಿಬಯೋಟಿಕ್ ನುಂಗಿದರೆ ಗುಣವಾಗುತ್ತಿತ್ತು, ತಿಂಗಳೊಪ್ಪತ್ತಿನಲ್ಲಿ ಮರಳುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಹೊಸ ವೈದ್ಯರೊಬ್ಬರು, ಸೋಂಕಿನೊಡನೆ ಹೋರಾಡುವ ಪ್ರತಿಕಾಯಗಳು ರಕ್ತದಲ್ಲಿ ಎಷ್ಟಿವೆಯೆಂದು ಅಳೆಯುವ ಇಮ್ಯುನೋಗ್ಲಾಬ್ಯುಲಿನ್ ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟು ಬಂದ ದಿನ ನಾನೂ ಜೊತೆಗಿದ್ದೆ. ಐಜಿಜಿ, ಐಜಿಎಂ ಎಂಬ ಜಾತಿಯ ಪ್ರತಿಕಾಯಗಳು ಸರಿಯಾಗಿದ್ದವು. ಐಜಿಎ ಮುಂದೆ ಮಾತ್ರ ಏಳಕ್ಕಿಂತ ಕಡಿಮೆ ಎಂದು ದಪ್ಪಕ್ಷರದಲ್ಲಿತ್ತು. ಇರಬೇಕಾದದ್ದು ಡೆಸಿಲೀಟರಿಗೆ ಸುಮಾರು 70ರಿಂದ 400 ಮಿಲಿಗ್ರಾಂ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಮಾತ್ರೆಯಿಂದಲೂ ಐಜಿಎ ಇಳಿಯಬಹುದಾದ್ದರಿಂದ ವೈದ್ಯರು ಮೊದಲು ಅದನ್ನೇ ವಿಚಾರಿಸಿದರು. ಅಂಥ ಮಾತ್ರೆಯನ್ನು ಅಕ್ಕ ಎಂದೂ ತೆಗೆದುಕೊಂಡವಳಲ್ಲ. ಮೂಗು, ಗಂಟಲು, ಶ್ವಾಸನಾಳ, ಕರುಳುಗಳ ಒಳಪೊರೆಯನ್ನು ಕಾಯುವ ಈ ಪ್ರತಿಕಾಯ ಇಲ್ಲದವರಲ್ಲಿ ಬಹುಪಾಲು ಮಂದಿ ಆರೋಗ್ಯವಾಗಿಯೇ ಇರುತ್ತಾರೆಂದೂ, ಅಕ್ಕನಂಥ ಕೆಲವರಿಗೆ ಮಾತ್ರ ಸೋಂಕು ಬೆನ್ನು ಬಿಡುವುದಿಲ್ಲವೆಂದೂ ಅವರು ತಿಳಿಸಿದರು.

ಆಮೇಲೆ, "ಯಾವಾಗಾದರೂ ರಕ್ತ ಏರಿಸಿದ್ದರೇನಮ್ಮಾ?" ಎಂದು ಕೇಳಿದರು. ಎರಡನೇ ಹೆರಿಗೆಯಲ್ಲಿ ಏರಿಸಿದ್ದರು. ಬಾಟಲಿ ಹಚ್ಚಿದ ಸ್ವಲ್ಪ ಹೊತ್ತಿಗೇ ಅಕ್ಕನಿಗೆ ನಡುಕ ಹತ್ತಿ, ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿದಂತಾಗಿತ್ತು. ರಕ್ತ ನಿಲ್ಲಿಸಿದ ಆ ಆಸ್ಪತ್ರೆಯವರು ಡಿಸ್ಚಾರ್ಜ್ ಚೀಟಿಯಲ್ಲಿ 'ಅಲರ್ಜಿ' ಎಂದಷ್ಟೇ ಗೀಚಿ ಕಳಿಸಿದ್ದರು. ಏಕೆ ಹಾಗಾಯಿತೆಂದು ಯಾರೂ ಹುಡುಕಲಿಲ್ಲವೆಂಬ ಸಿಟ್ಟು ನನಗೆ ಈಗಲೂ ಇದೆ.

ಐಜಿಎ ತೀರಾ ಇಲ್ಲದ ಕೆಲವರ ದೇಹ ಐಜಿಎಯನ್ನೇ ಪರಕೀಯವೆಂದು ತಿಳಿದು ಅದರ ವಿರುದ್ಧ ಪ್ರತಿಕಾಯ ಕಟ್ಟಿಕೊಂಡಿರುತ್ತದೆ, ದಾನಿಯ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿರುವ ಐಜಿಎ ಒಳಹೊಕ್ಕರೆ ಇಂಥ ಅನಾಹುತ ಆಗಬಹುದು ಎಂದು ವೈದ್ಯರು ವಿವರಿಸಿದರು. ಪ್ರತಿಕಾಯಕ್ಕೇ ಎದುರಾಗುವ ಪ್ರತಿಕಾಯವೆಂದರೆ ನನಗೆ ವಿಚಿತ್ರವೆನಿಸಿತು. ಕೀಲುನೋವಿಗೆ ಎಲ್ಲರೂ ಮಾಡಿಸುವ ಆರ್‌ಎ ಫ್ಯಾಕ್ಟರ್ ಕೂಡ ನಮ್ಮದೇ ಐಜಿಜಿಯ ವಿರುದ್ಧದ ಪ್ರತಿಕಾಯವೆಂದು ಅವರು ಹೇಳಿದ ಮೇಲೆ ಸ್ವಲ್ಪ ನಂಬಿಕೆ ಬಂತು. ಹಾಗಾದರೆ ಈ ಪ್ರತಿಕಾಯವೇ ಐಜಿಎಯನ್ನು ಅಳಿಸಿತೇ ಎಂದು ಕೇಳಿದೆ. ಅದು ಕೊರತೆಗೆ ಕಾರಣವೋ, ಕೊರತೆಯ ಫಲವೋ ಎಂಬುದು ವಿಜ್ಞಾನಿಗಳಲ್ಲಿಯೇ ಇತ್ಯರ್ಥವಾಗಿಲ್ಲ, ಅಕ್ಕನ ಹಳೆಯ ನಡುಕವೂ ಅದರದ್ದೇ ಎಂದು ಪರೀಕ್ಷೆಯಿಲ್ಲದೆ ಹೇಳಲಾಗದು ಎಂದರು. ಗೊತ್ತಿದ್ದಷ್ಟನ್ನೇ ಹೇಳುವ ವೈದ್ಯರು ನನಗೆ ಹಿಡಿಸುತ್ತಾರೆ.

ಐಜಿಎಯನ್ನು ಹೊರಗಿನಿಂದ ತುಂಬಿಕೊಡುವ ಔಷಧಿ ಇಲ್ಲ. ಸೋಂಕು ಕಂಡೊಡನೆ ಚಿಕಿತ್ಸೆ, ನ್ಯುಮೋನಿಯಾದ ಲಸಿಕೆ, ಮುಂದೆಂದಾದರೂ ರಕ್ತ ಬೇಕಾದರೆ ಪ್ಲಾಸ್ಮಾ ಹೋಗುವಂತೆ ತೊಳೆದ ಕೆಂಪುರಕ್ತಕಣ ಅಥವಾ ಐಜಿಎ ಇಲ್ಲದ ದಾನಿಯ ರಕ್ತ, ಇಷ್ಟೇ ದಾರಿ. ಇದನ್ನು ವೈದ್ಯರು ಒಂದು ಕಾರ್ಡಿನ ಮೇಲೆ ಬರೆದು ಸಹಿ ಮಾಡಿಕೊಟ್ಟರು. ಅವ್ವ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದಳು.

ಏಳುವ ಮುನ್ನ ವೈದ್ಯರು ಹಳೆಯ ಫೈಲಿನಿಂದ ಇನ್ನೊಂದು ಕಾಗದ ತೆಗೆದರು. ಹೊಟ್ಟೆಯುಬ್ಬರ, ಭೇದಿಗಳಿಗಾಗಿ ಮಾಡಿಸಿದ್ದ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆ; ಫಲಿತಾಂಶ ನೆಗೆಟಿವ್. ಆ ಪರೀಕ್ಷೆ ಹುಡುಕುವುದೇ ಐಜಿಎ ಜಾತಿಯ ಪ್ರತಿಕಾಯವನ್ನು; ಐಜಿಎಯೇ ಇಲ್ಲದವಳಲ್ಲಿ ಅದು ನೆಗೆಟಿವ್ ಬಂದದ್ದಕ್ಕೆ ಅರ್ಥವಿಲ್ಲ. ಐಜಿಜಿ ವಿಧಾನದಲ್ಲಿ ಮತ್ತೆ ಮಾಡಿಸಬೇಕು, ಅಲ್ಲಿಯವರೆಗೆ ಊಟ ಬದಲಿಸಬಾರದು ಎಂದು ಬರೆದುಕೊಟ್ಟರು. ಜೋಳದ ರೊಟ್ಟಿಯ ಮನೆಯಲ್ಲಿ ಬೆಳೆದರೂ ಚಪಾತಿಯನ್ನೇ ಇಷ್ಟಪಡುವ ಅಕ್ಕನಿಗೆ, ಅಂದು ಕೇಳಿದ್ದರಲ್ಲೆಲ್ಲ ಆ ಕೊನೆಯ ಮಾತೊಂದೇ ಹಿತವಾಗಿತ್ತು.